ಗ್ರಂಥಾಲಯದ ಜಾಗ ಮತ್ತು ಬಳಕೆದಾರರ ಅನುಭವ ಸಂಶೋಧನೆ

ಗ್ರಂಥಾಲಯದೊಳಗೆ ಬಂದವರು ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಂತು ಅನುಮಾನಿಸುತ್ತಾರೆ, ಯಾವ ಕುರ್ಚಿಯನ್ನು ಆರಿಸಿಕೊಳ್ಳುತ್ತಾರೆ, ಏನನ್ನು ಹುಡುಕಿ ಕಾಣದೆ ಹಿಂದಿರುಗುತ್ತಾರೆ ಎಂಬುದನ್ನು ಕ್ರಮಬದ್ಧವಾಗಿ ಗಮನಿಸಿ, ಆ ತಿಳಿವಳಿಕೆಯ ಆಧಾರದ ಮೇಲೆ ಜಾಗವನ್ನು ತಿದ್ದುವ ಕೆಲಸವನ್ನು ಇಂದು ‘ಬಳಕೆದಾರರ ಅನುಭವ ಸಂಶೋಧನೆ’ ಎಂದು ಕರೆಯಲಾಗುತ್ತದೆ. ಈ ಪದಪುಂಜ ಗಣಕಯಂತ್ರಗಳ ಲೋಕದಿಂದ ಬಂದದ್ದು. ಅರಿವಿನ ವಿಜ್ಞಾನಿ ಡೊನಾಲ್ಡ್ ನಾರ್ಮನ್ ಅವರು 1993ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ ‘ಬಳಕೆದಾರರ ಅನುಭವ’ ಎಂಬ ಮಾತನ್ನು ಸೇರಿಸಿಕೊಂಡರು. ಮುಂದೆ ಅದು ಪರದೆಯಿಂದ ಆಚೆಗೆ ಹಬ್ಬಿ ಆಸ್ಪತ್ರೆ, ವಿಮಾನ ನಿಲ್ದಾಣ, ವಸ್ತುಸಂಗ್ರಹಾಲಯಗಳನ್ನು ಮುಟ್ಟಿತು, ಗ್ರಂಥಾಲಯಗಳನ್ನೂ ಮುಟ್ಟಿತು.

ನಾನು ವೃತ್ತಿಯಿಂದ ವೈದ್ಯ; ಗ್ರಂಥಾಲಯ ವಿಜ್ಞಾನವನ್ನು ವ್ಯಾಸಂಗ ಮಾಡಿದವನಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಲು ಎರಡು ಕಾರಣಗಳಿವೆ. ಮೊದಲನೆಯದು, ಇದರ ವಿಧಾನಗಳು ನಮ್ಮ ವೃತ್ತಿಯ ವಿಧಾನಗಳಿಗೆ ಬಹಳ ಹತ್ತಿರದವು: ಔಷಧ ಬರೆಯುವ ಮುನ್ನ ರೋಗಿಯ ಮಾತನ್ನು ಕೇಳಬೇಕು, ಕೇಳಿದ್ದಷ್ಟೇ ಸಾಲದೆ ಕಣ್ಣಾರೆ ನೋಡಬೇಕು, ಕೊಟ್ಟ ಔಷಧ ಫಲಿಸಿತೇ ಎಂದು ಮತ್ತೆ ವಿಚಾರಿಸಬೇಕು. ಎರಡನೆಯದು, ನನ್ನ ಬಳಿಗೆ ಬರುವ ಹಿರಿಯ ರೋಗಿಗಳಲ್ಲಿ ಅನೇಕರಿಗೆ ಮನೆಯ ಹೊರಗೆ ಹಣ ತೆರದೆ ಕುಳಿತುಕೊಳ್ಳಬಹುದಾದ ಒಂದೇ ಸ್ಥಳವೆಂದರೆ ಊರಿನ ಸಾರ್ವಜನಿಕ ಗ್ರಂಥಾಲಯ. ಆ ಸ್ಥಳ ಅವರಿಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ನನ್ನ ಮಟ್ಟಿಗೆ ಆರೋಗ್ಯದ ಪ್ರಶ್ನೆಯೂ ಹೌದು.

ಹೆಸರು ಹೊಸದು, ವಿಚಾರ ಹಳೆಯದು

ಗ್ರಂಥಾಲಯವನ್ನು ಓದುಗನ ಕಡೆಯಿಂದ ನೋಡಬೇಕೆಂಬ ವಿಚಾರವನ್ನು ಭಾರತದಲ್ಲಿ ಶಾಸ್ತ್ರವಾಗಿ ನಿಲ್ಲಿಸಿದವರು ಎಸ್. ಆರ್. ರಂಗನಾಥನ್ (1892–1972). ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ತರಬೇತಿಗಾಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಅನೇಕ ಗ್ರಂಥಾಲಯಗಳನ್ನು ಕಂಡುಬಂದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಇಂದಿಗೂ ಲೋಕದಾದ್ಯಂತ ಪಾಠವಾಗುತ್ತಿವೆ. ಪುಸ್ತಕ ಇರುವುದು ಕಾಪಿಡುವುದಕ್ಕಲ್ಲ, ಬಳಕೆಗೆ ಎಂಬುದು ಮೊದಲನೆಯ ಸೂತ್ರದ ತಿರುಳು. ಈ ಒಂದು ಸೂತ್ರದಿಂದಲೇ ಅವರು ಗ್ರಂಥಾಲಯ ಊರಿನ ಯಾವ ಭಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು, ಸಿಬ್ಬಂದಿಯ ನಡವಳಿಕೆ ಎಂತಹುದಿರಬೇಕು ಎಂಬುದನ್ನೆಲ್ಲ ತರ್ಕಬದ್ಧವಾಗಿ ಹೊರಡಿಸುತ್ತಾರೆ. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯ ಸೂತ್ರ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ 1962ರಲ್ಲಿ ಅಲ್ಲಿ ಆರಂಭವಾದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅವರ ಕೊಡುಗೆ.

ನಾನಿರುವ ನ್ಯೂಜರ್ಸಿ ರಾಜ್ಯಕ್ಕೂ ಈ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಜಾನ್ ಕಾಟನ್ ಡಾನಾ ಎಂಬ ಗ್ರಂಥಪಾಲಕರು ಡೆನ್ವರ್ ನಗರದಲ್ಲಿದ್ದಾಗಲೇ ಓದುಗರು ತಾವಾಗಿ ಕಪಾಟುಗಳ ನಡುವೆ ಓಡಾಡಿ ಪುಸ್ತಕ ಆರಿಸಿಕೊಳ್ಳುವ ಮುಕ್ತ ಪದ್ಧತಿಯನ್ನು ಜಾರಿಗೆ ತಂದಿದ್ದರು. 1902ರಿಂದ 1929ರವರೆಗೆ ಅವರು ನ್ಯೂವರ್ಕ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರಾಗಿದ್ದರು. ಕಚೇರಿ, ಅಂಗಡಿಗಳಲ್ಲಿ ದುಡಿಯುವವರಿಗಾಗಿ ವ್ಯಾಪಾರ ಕೇಂದ್ರದ ಬಳಿಯಲ್ಲೇ 1904ರಲ್ಲಿ ಒಂದು ಶಾಖೆಯನ್ನು ತೆರೆದರು. ಗ್ರಂಥಾಲಯಕ್ಕೆ ಬಾರದ ಜನ ಎಲ್ಲಿದ್ದಾರೆಂದು ವಿಚಾರಿಸಿ ಅವರ ದಾರಿಯಲ್ಲೇ ಪುಸ್ತಕವನ್ನಿಟ್ಟ ಆ ಕ್ರಮಕ್ಕೆ ಅಂದು ಈ ಹೊಸ ಹೆಸರು ಇರಲಿಲ್ಲ, ಅಷ್ಟೆ.

ಎಣಿಕೆ ಹೇಳದ ಸಂಗತಿ

ಪ್ರತಿಯೊಂದು ಗ್ರಂಥಾಲಯವೂ ಲೆಕ್ಕವಿಡುತ್ತದೆ. ಎಷ್ಟು ಜನ ಬಾಗಿಲು ದಾಟಿದರು, ಎಷ್ಟು ಪುಸ್ತಕ ಎರವಲು ಹೋದವು, ಎಷ್ಟು ಸದಸ್ಯರಿದ್ದಾರೆ ಎಂಬ ಅಂಕಿಗಳು ಅನುದಾನ ಪಡೆಯುವುದಕ್ಕೂ ಬೇಕು. ಆದರೆ ಈ ಅಂಕಿಗಳೆಲ್ಲ ಬಂದವರಿಗೆ ಸಂಬಂಧಿಸಿದವು. ಆಸ್ಪತ್ರೆಯ ಹೊರರೋಗಿ ವಿಭಾಗದ ದಾಖಲೆ ಪುಸ್ತಕವನ್ನು ನೋಡಿದರೆ ಚೀಟಿ ಮಾಡಿಸಿದವರ ಸಂಖ್ಯೆ ತಿಳಿಯುತ್ತದೆ. ಉದ್ದನೆಯ ಸಾಲನ್ನು ಕಂಡು ಬಾಗಿಲಿನಿಂದಲೇ ಹಿಂದಿರುಗಿದವರ ಸಂಖ್ಯೆ ತಿಳಿಯುವುದಿಲ್ಲ. ನಿಜವಾಗಿ ಚಿಂತಿಸಬೇಕಾದದ್ದು ಈ ಎರಡನೆಯ ಗುಂಪಿನ ಬಗ್ಗೆ. ಯಾರಿಗೆ ಗ್ರಂಥಾಲಯ ಒದಗಲಿಲ್ಲವೋ ಅವರು ಅದರ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ದೂರು ಬರೆದಿಡುವುದಿಲ್ಲ, ಸಮೀಕ್ಷೆಯ ಅರ್ಜಿ ತುಂಬುವುದಿಲ್ಲ. ಮರುದಿನದಿಂದ ಬರುವುದನ್ನು ನಿಲ್ಲಿಸುತ್ತಾರೆ.

ನನ್ನ ಬಳಿಗೆ ಬರುವ ಒಬ್ಬ ಹಿರಿಯರು ಮೈಸೂರಿನ ಕಡೆಯವರು, ನಿವೃತ್ತ ಶಿಕ್ಷಕರು. ಮಗಳ ಮನೆಗೆ ಬಂದ ಮೊದಲ ತಿಂಗಳು ದಿನವೂ ಹತ್ತಿರದ ಗ್ರಂಥಾಲಯವೊಂದಕ್ಕೆ ಹೋಗುತ್ತಿದ್ದವರು ಆಮೇಲೆ ಬಿಟ್ಟುಬಿಟ್ಟರು. ಓದುವ ಆಸಕ್ತಿ ಹೋಯಿತೇ, ಮನಸ್ಸಿಗೆ ಬೇಸರವೇ ಎಂದು ನಾನು ಕೇಳಿದಾಗ ಅವರು ಸಂಕೋಚದಿಂದ ಹೇಳಿದರು: “ಪುಸ್ತಕ, ಪತ್ರಿಕೆ ಎಲ್ಲ ಚೆನ್ನಾಗಿವೆ ಡಾಕ್ಟ್ರೇ. ಆದ್ರೆ ಆ ಮೆತ್ತನೆ ಸೋಫಾದಲ್ಲಿ ಕೂತ್ರೆ ಏಳೋದಕ್ಕಾಗಲ್ಲ. ಒಂದು ದಿನ ಯಾರೋ ಹುಡುಗ ಬಂದು ಕೈಹಿಡಿದು ಎಬ್ಬಿಸಬೇಕಾಯ್ತು. ಆಮೇಲೆ ಹೋಗೋಕೆ ನಾಚಿಕೆ.” ಆ ಗ್ರಂಥಾಲಯದವರು ಸೋಫಾವನ್ನು ಓದುಗರಿಗೆ ಹಿತವಾಗಲೆಂದೇ ಹಾಕಿಸಿರಬೇಕು. ಬಾಗಿಲಲ್ಲಿನ ಎಣಿಕೆಯಂತ್ರಕ್ಕೆ ಒಬ್ಬ ಮನುಷ್ಯ ಕಡಿಮೆಯಾದದ್ದಷ್ಟೇ ಗೊತ್ತು. ಕಾರಣ ಸೋಫಾದ ಎತ್ತರ ಎಂಬುದು ಅದಕ್ಕೆ ಗೊತ್ತಾಗುವಂತಿಲ್ಲ. ಅಂತಹ ಕಾರಣವನ್ನು ಪತ್ತೆಮಾಡುವುದೇ ಈ ಸಂಶೋಧನೆಯ ಪ್ರಯೋಜನ.

ನೋಡುವ ಮತ್ತು ಕೇಳುವ ವಿಧಾನಗಳು

ರೂಢಿಯಲ್ಲಿರುವ ವಿಧಾನಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಪರಿಚಯಿಸುತ್ತೇನೆ.

ಮೊದಲನೆಯದು ಸುತ್ತುನೋಟ. ಕಟ್ಟಡದ ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು, ಗೊತ್ತಾದ ಸಮಯಗಳಲ್ಲಿ ಗೊತ್ತಾದ ದಾರಿಯಲ್ಲಿ ಸುತ್ತಿಬರುತ್ತಾ, ಯಾವ ಸ್ಥಳದಲ್ಲಿ ಎಂತಹವರು ಏನು ಮಾಡುತ್ತಿದ್ದಾರೆಂದು ಗುರುತು ಹಾಕಿಕೊಳ್ಳುವುದು. ಕೆನಡಾದ ಸಂಶೋಧಕಿಯರಾದ ಲಿಸಾ ಗಿವೆನ್ ಮತ್ತು ಗ್ಲೋರಿಯಾ ಲೆಕ್ಕಿ ಅವರು ಟೊರಾಂಟೊ ಮತ್ತು ವ್ಯಾಂಕೂವರ್ ನಗರಗಳ ಕೇಂದ್ರ ಗ್ರಂಥಾಲಯಗಳಲ್ಲಿ ಈ ರೀತಿ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆಮೇಲೆ ಅನೇಕರು ಅದನ್ನು ಅನುಸರಿಸಿದರು. ಇದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲು ಮತ್ತು ತಾಳ್ಮೆ. ಒಂದು ವಾರ ಸುತ್ತಿದರೆ ಸಾಕು, ಯಾವ ಮೇಜು ಸದಾ ಖಾಲಿ, ಯಾವ ಕಿಟಕಿಯ ಬಳಿ ಜಾಗಕ್ಕೆ ಪೈಪೋಟಿ ಎಂಬುದು ಹೊಳೆಯತೊಡಗುತ್ತದೆ.

ಎರಡನೆಯದು ಸಂದರ್ಶನ. ಇಲ್ಲಿ ಪ್ರಶ್ನೆಯ ರೂಪವೇ ಉತ್ತರವನ್ನು ನಿರ್ಧರಿಸುತ್ತದೆ. “ಗ್ರಂಥಾಲಯ ನಿಮಗೆ ಇಷ್ಟವೇ?” ಎಂದರೆ ನಮ್ಮ ಹಿರಿಯರು ಮರ್ಯಾದೆಗೆ “ಬಹಳ ಚೆನ್ನಾಗಿದೆ” ಎಂದೇ ಹೇಳುತ್ತಾರೆ. “ಹೋದ ಸಲ ಬಂದಾಗ ಮೊದಲು ಎಲ್ಲಿಗೆ ಹೋದಿರಿ, ಆಮೇಲೆ ಏನು ಮಾಡಿದಿರಿ, ಹೇಳಿ” ಎಂದರೆ ಕಥೆ ಹೊರಬರುತ್ತದೆ. ವೈದ್ಯಕೀಯ ವಿದ್ಯಾರ್ಥಿಗೆ ರೋಗಿಯ ಪೂರ್ವವೃತ್ತಾಂತ ಕೇಳುವುದನ್ನು ಕಲಿಸುವಾಗಲೂ ಹೇಳುವ ಮೊದಲ ಮಾತು ಇದೇ: ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗಳಿಂದ ಆರಂಭಿಸಬೇಡ.

ಮೂರನೆಯದು ಕಾರ್ಯಪರೀಕ್ಷೆ. ಒಬ್ಬರಿಗೆ ಒಂದು ಕೆಲಸ ಕೊಡುವುದು: ಮಧುಮೇಹದ ಬಗೆಗಿನ ಒಂದು ಪುಸ್ತಕವನ್ನು ಹುಡುಕಿ ತನ್ನಿ, ಅಥವಾ ಮೊಮ್ಮಗುವಿನ ಕಥಾಸಮಯ ಯಾವ ಕೊಠಡಿಯಲ್ಲಿದೆಯೆಂದು ಕಂಡುಹಿಡಿಯಿರಿ. ಅವರು ನಡೆಯುತ್ತಾ ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಿರಬೇಕು. ಸಂಶೋಧಕ ಸಹಾಯ ಮಾಡದೆ ಹಿಂದೆ ನಡೆಯಬೇಕು. ಎಷ್ಟು ಜನರನ್ನು ಹೀಗೆ ಪರೀಕ್ಷಿಸಬೇಕು? ಜೇಕಬ್ ನೀಲ್ಸನ್ ಅವರ ಪ್ರಸಿದ್ಧ ಲೆಕ್ಕದ ಪ್ರಕಾರ ಐದು ಜನರಿಂದ ಸುಮಾರು 85 ಶೇಕಡಾ ತೊಡಕುಗಳು ಗೊತ್ತಾಗುತ್ತವೆ. ಆದರೆ ಆ ಲೆಕ್ಕ ಗಣಕಯಂತ್ರದ ಪರದೆಗಳಿಗಾಗಿ, ಒಂದೇ ತೆರನ ಬಳಕೆದಾರರನ್ನು ಗಮನದಲ್ಲಿಟ್ಟು ಮಾಡಿದ್ದು. ಗ್ರಂಥಾಲಯಕ್ಕೆ ಬರುವವರು ಒಂದೇ ತೆರನವರಲ್ಲ. ಐದೂ ಜನ ಇಂಗ್ಲಿಷ್ ಬಲ್ಲ ಕಾಲೇಜು ವಿದ್ಯಾರ್ಥಿಗಳಾದರೆ ಅಜ್ಜಿಯ ತೊಡಕು ಎಂದಿಗೂ ತಿಳಿಯುವುದಿಲ್ಲ. ಪ್ರತಿಯೊಂದು ಗುಂಪಿನಿಂದಲೂ ಕೆಲವರನ್ನು ಕರೆಯಬೇಕು.

ನಾಲ್ಕನೆಯದು ಬಳಕೆದಾರರ ಕೈಗೇ ಕ್ಯಾಮೆರಾ, ಪೆನ್ಸಿಲು ಕೊಡುವುದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಕೆಲಸಕ್ಕಾಗಿ ನ್ಯಾನ್ಸಿ ಫ್ರೀಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆಯನ್ನೇ ನೇಮಿಸಿಕೊಂಡಿತು. ವಿದ್ಯಾರ್ಥಿಗಳು ತಾವು ಓದುವ ಜಾಗ, ಚೀಲದಲ್ಲಿ ಹೊರುವ ಸಾಮಾನು ಮೊದಲಾದವುಗಳ ಛಾಯಾಚಿತ್ರ ತೆಗೆದುಕೊಟ್ಟರು. ತಮ್ಮ ದಿನದ ಓಡಾಟವನ್ನು ನಕ್ಷೆಯ ಮೇಲೆ ಗುರುತಿಸಿದರು. ತಮಗೆ ಬೇಕಾದ ಓದುಕೋಣೆಯ ಚಿತ್ರ ಬರೆದರು. 2007ರಲ್ಲಿ ಇದರ ವರದಿ ಪುಸ್ತಕವಾಗಿ ಹೊರಬಂದಿತು. ವಿದ್ಯಾರ್ಥಿಗಳು ಪ್ರಬಂಧ ಬರೆಯಲು ಕೂರುವುದು ಬಹುಪಾಲು ರಾತ್ರಿ, ಗ್ರಂಥಪಾಲಕರು ಮನೆಗೆ ಹೋದ ಮೇಲೆ, ಎಂಬುದು ಅದರಲ್ಲಿ ಕಂಡುಬಂದ ಸಂಗತಿಗಳಲ್ಲಿ ಒಂದು. ಬಾಗಿಲ ಎಣಿಕೆಯಿಂದ ಇದು ಹೊಳೆಯುವಂತಹುದಲ್ಲ.

ಇಷ್ಟೆಲ್ಲ ಆದ ಮೇಲೆ ಬದಲಾವಣೆಯನ್ನು ಒಮ್ಮೆಲೇ ಸಿಮೆಂಟಿನಲ್ಲಿ ಮಾಡಬಾರದು. ಫಲಕವನ್ನು ಮೊದಲು ಕಾಗದದಲ್ಲಿ ಬರೆದು ಅಂಟಿಸಿ, ಕುರ್ಚಿಗಳನ್ನು ಸರಿಸಿ, ಎರಡು ವಾರ ನೋಡಿ ಆಮೇಲೆ ಖರ್ಚು ಮಾಡಬೇಕು. ಷಿಕಾಗೊ ಮತ್ತು ಡೆನ್ಮಾರ್ಕಿನ ಆರ್ಹುಸ್ ನಗರದ ಗ್ರಂಥಾಲಯಗಳು ಐಡಿಯೊ ಎಂಬ ವಿನ್ಯಾಸ ಸಂಸ್ಥೆಯೊಡನೆ ಸೇರಿ 2015ರಲ್ಲಿ ಹೊರತಂದ ಕೈಪಿಡಿ ಈ ಕ್ರಮವನ್ನೇ ಬೋಧಿಸುತ್ತದೆ. ಅದೇ ವರ್ಷ ಆರ್ಹುಸ್‌ನಲ್ಲಿ ಡಾಕ್1 ಎಂಬ ಹೊಸ ಗ್ರಂಥಾಲಯ ತೆರೆಯಿತು. ಅದರಲ್ಲಿ ಒಂದು ದೊಡ್ಡ ಗಂಟೆಯಿದೆ. ನಗರದ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ತಂದೆತಾಯಿ ಅಲ್ಲಿಯೇ ಒಂದು ಗುಂಡಿಯನ್ನೊತ್ತಿದರೆ ಗ್ರಂಥಾಲಯದಲ್ಲಿ ಗಂಟೆ ಮೊಳಗುತ್ತದೆ. ವೈದ್ಯನಾದ ನನಗೆ ಈ ಏರ್ಪಾಡು ವಿಶೇಷವಾಗಿ ಹಿಡಿಸಿತು: ಊರಿಗೆ ಬಂದ ಹೊಸಬರ ಸುದ್ದಿ ಮೊದಲು ತಲುಪುವ ಸ್ಥಳಗಳಲ್ಲಿ ಗ್ರಂಥಾಲಯವೂ ಒಂದು.

ವಯಸ್ಸಾದ ದೇಹ ಮತ್ತು ಕಟ್ಟಡ

ಗ್ರಂಥಾಲಯದ ವಿನ್ಯಾಸಕಾರರು ತಿಳಿದಿರಲೇಬೇಕಾದ ಕೆಲವು ಶಾರೀರಿಕ ಸಂಗತಿಗಳಿವೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇದರಿಂದ 60ರ ವಯಸ್ಸಿನವರ ಅಕ್ಷಿಪಟಲವನ್ನು ತಲುಪುವ ಬೆಳಕು 20ರ ವಯಸ್ಸಿನವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದರಷ್ಟು ಮಾತ್ರ. ಹಾಗೆಂದು ದೀಪಗಳನ್ನು ಹೆಚ್ಚಿಸಿದರಷ್ಟೇ ಸಾಲದು, ಏಕೆಂದರೆ ಕಣ್ಣು ಕುಕ್ಕುವ ಬೆಳಕನ್ನು ತಾಳುವ ಶಕ್ತಿಯೂ ಕುಗ್ಗಿರುತ್ತದೆ. ಹೊಳಪಿನ ನೆಲ, ಗಾಜಿನ ಗೋಡೆಗಳು ತೊಂದರೆ ಕೊಡುತ್ತವೆ. ನೀಲಿ ಹಿನ್ನೆಲೆಯ ಮೇಲಿನ ಹಸಿರು ಅಕ್ಷರ ಯುವಕರಿಗೆ ಅಂದವಾಗಿ ಕಂಡರೂ ಹಿರಿಯರಿಗೆ ಒಂದೇ ಬಣ್ಣದಂತೆ ಕಾಣಬಹುದು.

ತೊಡೆಯ ಮುಂಭಾಗದ ಸ್ನಾಯುಗಳು ದುರ್ಬಲವಾದವರು ಕುರ್ಚಿಯ ಕೈಗಳನ್ನು ಊರಿಯೇ ಏಳಬೇಕು. ಕೈಗಳಿಲ್ಲದ ತಗ್ಗಿನ ಆಸನ ಅವರಿಗೆ ಬಲೆಯಿದ್ದಂತೆ. ಕಿವಿಯ ಶಕ್ತಿ ಕುಂದುವಾಗ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಧ್ವನಿಗಳು, ಅಂದರೆ ‘ಸ’, ‘ತ’ಗಳಂತಹ ವ್ಯಂಜನಗಳು, ಆದ್ದರಿಂದ ಗದ್ದಲದ ಪಕ್ಕದಲ್ಲಿ ವಿಚಾರಣೆಯ ಮೇಜನ್ನಿಟ್ಟರೆ ಮಾತು ಕೇಳಿದರೂ ಅರ್ಥವಾಗುವುದಿಲ್ಲ. ಇನ್ನು ಶೌಚಾಲಯ. ಮೂತ್ರದ ಅವಸರವುಳ್ಳವರು, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಯಾವುದೇ ಹೊಸ ಜಾಗಕ್ಕೆ ಹೋದಾಗ ಮೊದಲು ಹುಡುಕುವುದು ಅದನ್ನು. ಕೇಳಲು ನಾಚಿ ಬೇಗ ಮನೆಗೆ ಹೊರಡುವವರನ್ನು ನಾನು ಬಲ್ಲೆ. ಬಾಗಿಲಿನಿಂದಲೇ ಕಾಣುವ ಒಂದು ಚಿತ್ರಫಲಕ ಅವರಿಗೆ ಒಂದು ಗಂಟೆಯ ಓದನ್ನು ದೊರಕಿಸಿಕೊಡಬಲ್ಲದು.

ಹಂಟರ್ಸ್ ಪಾಯಿಂಟ್ ಗ್ರಂಥಾಲಯದ ಪಾಠ

ಬಳಸುವವರನ್ನು ಮೊದಲೇ ವಿಚಾರಿಸದಿದ್ದರೆ ಏನಾಗಬಹುದು ಎಂಬುದಕ್ಕೆ ನಮ್ಮ ಪಕ್ಕದ ನ್ಯೂಯಾರ್ಕಿನಲ್ಲೇ ಉದಾಹರಣೆಯಿದೆ. ಕ್ವೀನ್ಸ್ ಭಾಗದಲ್ಲಿ, ಈಸ್ಟ್ ನದಿಯ ದಡದಲ್ಲಿ, 2019ರ ಸೆಪ್ಟೆಂಬರಿನಲ್ಲಿ ಹಂಟರ್ಸ್ ಪಾಯಿಂಟ್ ಗ್ರಂಥಾಲಯ ಉದ್ಘಾಟನೆಯಾಯಿತು. ಸ್ಟೀವನ್ ಹಾಲ್ ಅವರ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸ. ವೆಚ್ಚ 4 ಕೋಟಿ ಡಾಲರಿಗೂ ಹೆಚ್ಚು. ಆಚೆ ದಡದ ಮ್ಯಾನ್‌ಹಟನ್ನಿನ ನೋಟವನ್ನು ಒಳತರುವ ದೊಡ್ಡ ಕಿಟಕಿಗಳುಳ್ಳ ಆ ಕಟ್ಟಡವನ್ನು ವಿಮರ್ಶಕರು ಹೊಗಳಿದರು. ಆದರೆ ಕಥೆ, ಕಾದಂಬರಿಗಳನ್ನು ಇಟ್ಟಿದ್ದ ಮೂರು ಹಂತಗಳ ಕಪಾಟುಗಳಿಗೆ ಮೆಟ್ಟಿಲಿನ ಹೊರತು ಬೇರೆ ದಾರಿ ಇರಲಿಲ್ಲ. ಗಾಲಿಕುರ್ಚಿಯವರು ಅಲ್ಲಿಗೆ ಹೋಗುವಂತಿರಲಿಲ್ಲ. ಇದ್ದ ಒಂದೇ ಲಿಫ್ಟಿಗೆ ಮಕ್ಕಳ ತಳ್ಳುಗಾಡಿಗಳೊಡನೆ ಬಂದ ತಾಯಂದಿರೂ ಕಾಯಬೇಕಾಯಿತು. ಬೇಕಾದ ಪುಸ್ತಕವನ್ನು ಸಿಬ್ಬಂದಿ ತಂದುಕೊಡುತ್ತಾರೆಂಬ ಸಮಾಧಾನ ಮೊದಲಿಗೆ ದೊರೆಯಿತು. ಆಮೇಲೆ ಆ ಪುಸ್ತಕಗಳನ್ನು ಬೇರೆಡೆಗೆ ಸಾಗಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಂಗವಿಕಲರ ಪರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು.

ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದದ್ದು 1990ರಲ್ಲಿ. ಕಪಾಟುಗಳ ನಡುವಿನ ದಾರಿ ಕನಿಷ್ಠ 36 ಅಂಗುಲ ಅಗಲವಿರಬೇಕೆಂಬಷ್ಟು ವಿವರವಾದ ನಿಯಮಗಳು ಅದರಡಿ ಇವೆ. ಹಾಗಿದ್ದೂ ಹೀಗಾದದ್ದರಿಂದ ತಿಳಿಯಬೇಕಾದದ್ದೇನು? “ತಂದುಕೊಡುತ್ತೇವೆ” ಎಂಬ ಮಾತಿನಲ್ಲಿ ಸೌಜನ್ಯವಿದೆ, ಆದರೆ ಅದು ಡಾನಾ ಮತ್ತು ರಂಗನಾಥನ್ ತೆರೆದ ಬಾಗಿಲನ್ನು ಒಂದು ವರ್ಗದ ಜನರಿಗೆ ಮತ್ತೆ ಮುಚ್ಚಿದಂತೆ. ಮುಕ್ತ ಕಪಾಟಿನ ಉದ್ದೇಶ ಹೆಸರು ಗೊತ್ತಿರುವ ಪುಸ್ತಕವನ್ನು ಪಡೆಯುವುದಷ್ಟೇ ಅಲ್ಲ. ಅದರ ಪಕ್ಕದಲ್ಲಿರುವ, ಹೆಸರೇ ಕೇಳಿರದ ಪುಸ್ತಕ ಕೈಗೆ ಸಿಗುವುದು. ನಕ್ಷೆಯ ಹಂತದಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರನ್ನು ಕೂರಿಸಿಕೊಂಡು, “ಇಲ್ಲಿ ಒಂದು ಕಾದಂಬರಿಯನ್ನು ಹೇಗೆ ಆರಿಸುತ್ತೀರಿ?” ಎಂದು ಕೇಳಿದ್ದರೆ ಈ ಕೊರತೆ ಕಾಗದದ ಮೇಲೆಯೇ ತಿಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ಗ್ರಾಮಗಳಲ್ಲಿ

ಇದು ಸಿರಿವಂತ ದೇಶಗಳ ಮಾತು ಎಂದು ಓದುಗರು ತಿಳಿಯಬಾರದು. 2019ರಲ್ಲಿ ಕರ್ನಾಟಕ ಸರ್ಕಾರ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದ ಈ ಗ್ರಂಥಾಲಯಗಳಲ್ಲಿ ಹಲವು ಇಂದು ಗೋಡೆಯ ಮೇಲಿನ ಬಣ್ಣದ ಚಿತ್ರಗಳಿಂದ ಮಕ್ಕಳನ್ನು ಕರೆಯುತ್ತಿವೆ. ಬಾಗಿಲನ್ನು ತೆರೆದದ್ದು ದೊಡ್ಡ ಹೆಜ್ಜೆ. ಮುಂದಿನ ಪ್ರಶ್ನೆಗಳು ಸಂಶೋಧನೆಯವು. ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಬರಲು ಸಾಧ್ಯವಾದ ಹೊತ್ತಿನಲ್ಲಿ ಬಾಗಿಲು ತೆರೆದಿದೆಯೇ? ಗಂಡಸರು ಪತ್ರಿಕೆ ಓದುವ ಬೆಂಚು ಬಾಗಿಲಿಗೆ ಅಡ್ಡವಾಗಿದ್ದು ಹೆಂಗಸರು ಒಳಗೆ ಬರಲು ಹಿಂಜರಿಯುತ್ತಾರೆಯೇ? ಎಂಟು ವರ್ಷದ ಮಗುವಿಗೆ ಮೇಲಿನ ಅರೆ ಎಟಕುತ್ತದೆಯೇ? ಇವಕ್ಕೆ ಉತ್ತರ ಕಂಡುಕೊಳ್ಳಲು ಹಣ ಬೇಡ. ಒಂದು ನೋಟುಪುಸ್ತಕ ಹಿಡಿದು ನಾಲ್ಕು ಸಂಜೆ ಕೂತು ನೋಡುವವರು ಬೇಕು.

ಮಿತಿ ಮತ್ತು ಗೌಪ್ಯತೆ

ಈ ವಿಧಾನಗಳಿಗೆ ಮಿತಿಗಳೂ ಇವೆ. ವೈದ್ಯರ ಎದುರು ಕುಳಿತಾಗ ಮಾತ್ರ ಕೆಲವರ ರಕ್ತದೊತ್ತಡ ಏರುವಂತೆ, ಯಾರೋ ನೋಡುತ್ತಿದ್ದಾರೆಂದು ತಿಳಿದ ಓದುಗರ ನಡವಳಿಕೆಯೂ ಬದಲಾಗುತ್ತದೆ. ಆದ್ದರಿಂದ ಒಂದೇ ವಿಧಾನವನ್ನು ನೆಚ್ಚದೆ ಎರಡು ಮೂರನ್ನು ಹೋಲಿಸಬೇಕು. ಒಂದು ಗುಂಪಿಗೆ ಹಿತವಾದದ್ದು ಇನ್ನೊಂದಕ್ಕೆ ಅಹಿತವಾಗಬಹುದು: ಮಕ್ಕಳ ಕಲರವ ಬೇಕು, ಮೌನವೂ ಬೇಕು. ಎರಡರ ನಡುವೆ ಆಯ್ಕೆ ಮಾಡುವುದು ಗ್ರಂಥಪಾಲಕರ ವಿವೇಕಕ್ಕೆ ಬಿಟ್ಟದ್ದು. ಸಂಶೋಧನೆ ಆ ವಿವೇಕಕ್ಕೆ ನೆರವಾಗುತ್ತದೆಯೇ ಹೊರತು ಅದರ ಸ್ಥಾನವನ್ನು ಆಕ್ರಮಿಸುವುದಿಲ್ಲ.

ಯಾರು ಏನು ಓದುತ್ತಾರೆಂಬುದು ಖಾಸಗಿ ಸಂಗತಿ. ನ್ಯೂಜರ್ಸಿಯ ಕಾನೂನು ಗ್ರಂಥಾಲಯ ಬಳಕೆದಾರರ ದಾಖಲೆಗಳನ್ನು ಗೋಪ್ಯವೆಂದು ಪರಿಗಣಿಸುತ್ತದೆ. ಸುತ್ತುನೋಟದ ನಕ್ಷೆಯಲ್ಲಿ ‘ಹಿರಿಯರು, ಒಬ್ಬರೇ, ಪತ್ರಿಕೆ’ ಎಂದು ಬರೆದರೆ ಸಾಕು; ಹೆಸರು, ಮುಖದ ಚಿತ್ರ, ಪುಸ್ತಕದ ಶೀರ್ಷಿಕೆ ಬೇಡ. ಸಂದರ್ಶನಕ್ಕೆ ಮುನ್ನ ಉದ್ದೇಶವನ್ನು ಅವರ ಭಾಷೆಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೇಡವೆಂದರೆ ಅದರಿಂದ ಯಾವ ಸೌಲಭ್ಯವೂ ತಪ್ಪುವುದಿಲ್ಲವೆಂದು ಹೇಳಬೇಕು.

ನಮ್ಮ ಪಾಲಿನ ಕೆಲಸ

ಬ್ರಿಡ್ಜ್‌ವಾಟರ್‌ನಂತಹ ಊರುಗಳು ಕಾರಿಗಾಗಿ ಕಟ್ಟಿದ ಊರುಗಳು. 22, 202, 206, 287 ಎಂಬ ಸಂಖ್ಯೆಯ ಹೆದ್ದಾರಿಗಳ ನಡುವೆ ಮನೆಗಳು ಚದುರಿವೆ. ಕರ್ನಾಟಕದಿಂದ ಆರು ತಿಂಗಳಿಗೆಂದು ಬರುವ ತಂದೆತಾಯಿಗಳಿಗೆ ವಾಹನ ನಡೆಸಲು ಬಾರದು. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ದಿನ ಉದ್ದವಾಗುತ್ತದೆ. ವಾರಾಂತ್ಯಕ್ಕೆ ಬಾಲಾಜಿ ದೇವಾಲಯವಿದೆ. ವಾರದ ಉಳಿದ ದಿನಗಳಿಗೆ ವೋಟ್ ಡ್ರೈವ್‌ನಲ್ಲಿ ಸಾಮರ್ಸೆಟ್ ಕೌಂಟಿ ಗ್ರಂಥಾಲಯ ವ್ಯವಸ್ಥೆಯ ಶಾಖೆಯಿದೆ. ಒಳಗೆ ಬಂದು ಕೂತು ಓದಲು ಸದಸ್ಯತ್ವದ ಕಾರ್ಡು ಬೇಕಿಲ್ಲ ಎಂಬ ಸರಳ ಸಂಗತಿಯೇ ನಮ್ಮ ಹಿರಿಯರಲ್ಲಿ ಅನೇಕರಿಗೆ ಗೊತ್ತಿಲ್ಲ. ಅದನ್ನು ಮನೆಯವರೇ ತಿಳಿಸಬೇಕು.

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ತೆರಿಗೆಯ ಹಣದಿಂದ ನಡೆಯುತ್ತವೆ. ನ್ಯೂಜರ್ಸಿಯಲ್ಲಿ ಅವುಗಳ ಆಡಳಿತ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಗ್ರಂಥಾಲಯ ಸಮೀಕ್ಷೆಗೆ ಕರೆದಾಗ ನಾವು ಇಂಗ್ಲಿಷ್ ಬಲ್ಲ ಮಧ್ಯವಯಸ್ಕರು ಅರ್ಜಿ ತುಂಬಿ ಮುಗಿಸುತ್ತೇವೆ. ಅದರ ಬದಲು ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ದು, ಅವರ ಮಾತನ್ನು ಅನುವಾದಿಸಿ ಹೇಳುವುದು ಹೆಚ್ಚು ಉಪಯುಕ್ತ. ಕನ್ನಡ ಕೂಟಗಳು ತಮ್ಮ ಪುಸ್ತಕದ ಕಪಾಟುಗಳ ವಿಷಯದಲ್ಲೂ ಇದೇ ವಿಚಾರವನ್ನು ಅನ್ವಯಿಸಿಕೊಳ್ಳಬಹುದು: ಎರವಲು ಹೋದ ಪುಸ್ತಕಗಳ ಪಟ್ಟಿಯ ಜೊತೆಗೆ, ಕಪಾಟಿನ ಮುಂದೆ ನಿಂತು ಏನನ್ನೂ ತೆಗೆದುಕೊಳ್ಳದೆ ಹೋದವರನ್ನು ಒಮ್ಮೆ ಮಾತನಾಡಿಸಿ ನೋಡಬೇಕು.

ನಾನು ಈಗ ಹಿರಿಯ ರೋಗಿಗಳಿಗೆ ನಿದ್ದೆ, ಹಸಿವು, ನಡಿಗೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: ಹಗಲು ಎಲ್ಲಿಗೆ ಹೋಗುತ್ತೀರಿ, ಅಲ್ಲಿ ಎಷ್ಟು ಹೊತ್ತು ಕೂರಲು ಆಗುತ್ತದೆ? ಮೇಲೆ ಹೇಳಿದ ನಿವೃತ್ತ ಶಿಕ್ಷಕರ ಮಗಳು ಆ ಗ್ರಂಥಾಲಯದವರಲ್ಲಿ ವಿಷಯ ತಿಳಿಸಿದರು. ಪತ್ರಿಕೆಗಳ ಬಳಿ ಈಗ ಕೈಗಳಿರುವ, ಗಟ್ಟಿಯಾದ ಎರಡು ಮರದ ಕುರ್ಚಿಗಳಿವೆ. ಅವು ಖಾಲಿ ಇರುವುದು ಅಪರೂಪವೆಂದು ಕೇಳಿದ್ದೇನೆ.